ಅರ್ಧಕ್ಕಿಂತ ಹೆಚ್ಚು ಮತ

ಅಂದು ಮಧ್ಯಾಹ್ನ ನಮ್ಮ ಆರೋಗ್ಯ ಇಲಾಖೆಯ ಊಟದ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಕಿಟಕಿ ಪಕ್ಕದ ಮೇಜಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಬೆವರ್ಲಿ; ಎದುರಿಗೆ ಲ್ಯಾಪ್‌ಟಾಪು, ಪಕ್ಕದಲ್ಲಿ ಇನ್ನೂ ಮುಟ್ಟದ ಸೊಪ್ಪಿನ ಡಬ್ಬಿ. ಮೈಕ್ರೋವೇವಿನ ಮುಂದೆ ಕೈಕಟ್ಟಿ ನಿಂತವನು ವಾಲ್ಟರ್. ಇಲಾಖೆಯ ಉಗ್ರಾಣ ನೋಡಿಕೊಳ್ಳುವವನು, ಲಿವರ್‌ಮೋರ್ ಕಡೆಯಿಂದ ದಿನಾ ಬೆಳಿಗ್ಗೆ ಟ್ರಕ್ಕಿನಲ್ಲಿ ರೇಡಿಯೋ ಕೇಳುತ್ತಾ ಬರುವ ಮನುಷ್ಯ. ಗೋಡೆಗೆ ತಾಗಿದ ಮೇಜಿನಲ್ಲಿ ನಾನು ಮತ್ತು ಪ್ರಯೋಗಾಲಯದ ನಾಗರತ್ನ. ನಮ್ಮಿಬ್ಬರ ನಡುವೆ ಅವಳ ಗಂಡ ಉಮೇಶ ಕಟ್ಟಿಕೊಟ್ಟ ಅವರೆಕಾಳು ಉಪ್ಪಿಟ್ಟು.

“ಅರ್ಧ ದಾಟಿತು!” ಎಂದು ಬೆವರ್ಲಿ ಮೇಜು ಬಡಿದರು. ಅಲ್ಲಿಯ ಮಾತೆಲ್ಲ ಇಂಗ್ಲಿಷಿನದೇ. ಆದರೆ ನನ್ನ ನೆನಪಿನಲ್ಲಿ ಅದು ಉಳಿದದ್ದು ನನ್ನ ಭಾಷೆಯಲ್ಲಿ, ಹಾಗಾಗಿ ಹಾಗೇ ಬರೆಯುತ್ತೇನೆ. “ಸೆನೆಟಿನ ಅರ್ಧಕ್ಕಿಂತ ಹೆಚ್ಚು ಜನ ಮಸೂದೆಗೆ ಹೌದು ಎಂದು ಬರೆದುಕೊಟ್ಟಿದ್ದಾರೆ. ನಮ್ಮ ವಿಭಾಗ ಉಳಿಯಿತು.”

ಮಸೂದೆ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಮಹಾಮಾರಿ ಬರುವ ಮೊದಲೇ ಕೌಂಟಿಗಳು, ಎಂದರೆ ಇಲ್ಲಿನ ಜಿಲ್ಲೆಗಳು, ತಯಾರಾಗಿರಲಿ ಎಂದು ವಾಷಿಂಗ್ಟನ್‌ನಿಂದ ಬರುವ ಹಣದ ಮಸೂದೆ ಅದು. ಸೆನೆಟು ಎಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆ, ನೂರು ಜನರದು. ಲ್ಯಾಬಿನ ರಾಸಾಯನಿಕ, ಉಗ್ರಾಣದ ಮಾಸ್ಕು, ರೋಗಿಯ ಮನೆಗೆ ಫೋನು ಮಾಡಿ ಯಾರನ್ನೆಲ್ಲ ಭೇಟಿಯಾದಿರಿ ಎಂದು ಕೇಳುವ ಜನ, ಇಷ್ಟಕ್ಕೂ ಅದೇ ಆಧಾರ. ಹಳೆಯ ಕಾಯಿದೆಯ ಅವಧಿ ಮುಗಿಯುತ್ತಾ ಬಂದಿತ್ತು.

ವಾಲ್ಟರ್ ಮೈಕ್ರೋವೇವಿನಿಂದ ತಿರುಗದೆಯೇ ಕೇಳಿದ, “ಅರ್ಧಕ್ಕೆ ಏನು ಬಂತು, ಡಾಕ್ಟರ್? ಸೆನೆಟಿನಲ್ಲಿ ಚರ್ಚೆ ನಿಲ್ಲಿಸಲಿಕ್ಕೇ ಅರವತ್ತು ಜನ ಬೇಕು. ಚರ್ಚೆ ನಿಲ್ಲದಿದ್ದರೆ ಮಸೂದೆ ಮತಕ್ಕೇ ಬರುವುದಿಲ್ಲ.”

“ಈ ಸಲ ಹಾಗಾಗುವುದಿಲ್ಲ. ಜನ ಸತ್ತದ್ದು ಎರಡೂ ಪಾರ್ಟಿಯವರ ಊರಿನಲ್ಲಿ.”

“ಎಲ್ಲಾ ಸಲವೂ ‘ಈ ಸಲ’ವೇ,” ಎಂದ ವಾಲ್ಟರ್.

ನಾನು ನಾಗರತ್ನಳ ಕಡೆ ಬಾಗಿ ಕನ್ನಡದಲ್ಲಿ ಅಂದೆ, “ಅವನ ಮಾತು ಕಿವಿಗೆ ಹಾಕ್ಕೊಳ್ಬೇಡ ಮಾರಾಯ್ತಿ. ಅವನ ಪಾರ್ಟಿಗೆ ಇದು ಬೇಡ. ಅದಕ್ಕೆ ಉರಿ ಅವನಿಗೆ.”

ನಾಗರತ್ನ ನಗಲಿಲ್ಲ. ಚಮಚದಲ್ಲಿ ಅವರೆಕಾಳುಗಳನ್ನು ಒಂದು ಬದಿಗೆ ಸರಿಸುತ್ತಾ ಕೂತಳು. ಅವಳ ಚೀಲದಲ್ಲಿ ಒಂದು ಪತ್ರವಿತ್ತು. ಅದು ನನಗೊಬ್ಬಳಿಗೇ ಗೊತ್ತಿತ್ತು.

ಆ ಪತ್ರಕ್ಕೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಕನ್ನಡ ಕೂಟದ ಹುಡುಗಿಯೊಬ್ಬಳು ಸಾರ್ವಜನಿಕ ಆರೋಗ್ಯ ಓದುತ್ತಿದ್ದಾಳೆ; ಅವಳು ಮೊನ್ನೆ, “ಆಂಟಿ, ನಿಮ್ಮ ಕೆಲ್ಸ ಆಕ್ಚುವಲಿ ಹೇಗಿರುತ್ತೆ?” ಎಂದು ಕೇಳಿದಳು. ಅವಳಿಗೆ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ನನ್ನ ಕನ್ನಡ ಶಾಲೆಯದಲ್ಲ. ಮುಂಬಯಿಯ ಚಾಳಿನಲ್ಲಿ ಅಜ್ಜಿ, ದೊಡ್ಡಪ್ಪಂದಿರು ಮಾತಾಡಿದ್ದನ್ನು ಕೇಳಿ ಕಲಿತದ್ದು. ತಪ್ಪಿದ್ದರೆ ಸರಿಮಾಡಿ ಓದಿಕೊಳ್ಳಿ.

ಕೌಂಟಿಯ ಲ್ಯಾಬಿಗೆ ನಾನು ಸೇರಿದ ಮೊದಲ ವಾರವೇ ನನ್ನ ಕೈಗೆ ಆರು ಡಜನ್ ಮೊಟ್ಟೆ ಕೊಟ್ಟರು. ಕ್ಷಯದ ರೋಗಾಣುವನ್ನು ಬೆಳೆಸಲು ಮೊಟ್ಟೆಯಿಂದ ಮಾಡಿದ ಒಂದು ಪಾಕ ಬೇಕು. ಆ ಕಾಲದಲ್ಲಿ ನಮ್ಮ ಲ್ಯಾಬಿನಲ್ಲಿ ಅದನ್ನು ನಾವೇ ತಯಾರಿಸುತ್ತಿದ್ದೆವು. ಮೊಟ್ಟೆ ತೊಳೆದು, ಒಡೆದು, ಬೀಟು ಮಾಡಿ, ಹಸಿರು ಬಣ್ಣ ಬೆರೆಸಿ, ಸಣ್ಣ ಬಾಟಲಿಗಳನ್ನು ಓರೆಯಾಗಿ ಮಲಗಿಸಿ ಬೇಯಿಸಬೇಕು. ನಮ್ಮ ಚಾಳಿನಲ್ಲಿ ಪಕ್ಕದ ಮನೆಯವರು ಮೊಟ್ಟೆ ಬೇಯಿಸಿದರೆ ಅಜ್ಜಿ ಊದುಬತ್ತಿ ಹಚ್ಚುತ್ತಿದ್ದರು. ಮೊದಲನೆಯದನ್ನು ಎಷ್ಟು ಹೆದರಿ ಒಡೆದೆನೆಂದರೆ ಅದು ಸೀದಾ ನನ್ನ ಬೂಟಿನ ಮೇಲೆ ಬಿತ್ತು. ನನಗೆ ಕಲಿಸುತ್ತಿದ್ದ ಹಿರಿಯ ಹೆಂಗಸು, “ಪರವಾಗಿಲ್ಲ, ಇನ್ನೂ ಎಪ್ಪತ್ತೊಂದು ಇವೆ,” ಎಂದಳು. ಸಾಯಂಕಾಲ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಆ ಬಾಟಲಿಗಳಲ್ಲಿ ರೋಗಾಣು ಕಾಣಿಸಿಕೊಳ್ಳಲು ಆರೆಂಟು ವಾರ ಬೇಕಿತ್ತು. ಈಗ ಯಂತ್ರ ಎರಡು ಗಂಟೆಯಲ್ಲಿ ಹೇಳಿಬಿಡುತ್ತದೆ. ಯಂತ್ರ ಕೊಳ್ಳಲು ಒಪ್ಪಿಗೆ ಸಿಗುವುದಕ್ಕೆ ಮಾತ್ರ ಎರಡು ವರ್ಷ.

ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ಕಳೆದ ಮೇಲೆ ನನ್ನನ್ನು ಮೇಲಿನ ಮಹಡಿಗೆ, ತುರ್ತು ಸಿದ್ಧತೆಯ ವಿಭಾಗಕ್ಕೆ ಕರೆದರು. ಅಲ್ಲಿ ನನ್ನ ಕೆಲಸವೆಂದರೆ ಇನ್ನೂ ಆಗದ ಅನಾಹುತಕ್ಕೆ ತಯಾರಿ ಮಾಡುವುದು. ಒಂದು ಸಲ ಹೈಸ್ಕೂಲಿನ ಜಿಮ್ಮಿನಲ್ಲಿ ಅಣಕು ಶಿಬಿರ ಮಾಡಿದೆವು. ಊರಿಗೆಲ್ಲ ಒಂದೇ ದಿನ ಮಾತ್ರೆ ಹಂಚಬೇಕಾದರೆ ಹೇಗೆ ಎಂಬ ಅಭ್ಯಾಸ. ಮಾತ್ರೆಯ ಬದಲು ಬಣ್ಣದ ಮಿಠಾಯಿ. ಮಕ್ಕಳು ಎರಡೆರಡು ಸಲ ಸಾಲಿಗೆ ಬಂದು ಮಿಠಾಯಿ ಮುಗಿಸಿದರು. ಕೊನೆಯಲ್ಲಿ ಬಂದ ಅಜ್ಜಿಯೊಬ್ಬಳು ನಿಜವಾದ ಔಷಧ ಸಿಗುತ್ತದೆ ಎಂದು ನಂಬಿ ತನ್ನ ಮಂಡಿನೋವಿನ ಕಾಗದವನ್ನೆಲ್ಲ ತಂದಿದ್ದಳು. ಅವಳಿಗೆ ಏನು ಹೇಳಬೇಕೆಂದು ನಮ್ಮ ಯಾವ ಯೋಜನೆಯಲ್ಲೂ ಇರಲಿಲ್ಲ. ವಾಲ್ಟರ್ ಅವಳಿಗೆ ಕಾಫಿ ತಂದುಕೊಟ್ಟು, ತನ್ನ ಟ್ರಕ್ಕಿನಲ್ಲೇ ಮನೆಗೆ ಬಿಟ್ಟು ಬಂದ.

ವಾಲ್ಟರ್ ಒರಟ, ಆದರೆ ಕೆಲಸ ಗೊತ್ತಿದ್ದವನು. ಉಗ್ರಾಣದಲ್ಲಿ ಅವನದೊಂದು ಪದ್ಧತಿಯಿತ್ತು. ಮಾಸ್ಕು ಕೊಂಡು ಇಟ್ಟರೆ ಸಾಲದು, ಅದಕ್ಕೂ ವಯಸ್ಸಾಗುತ್ತದೆ. ಹಳತಾಗುವ ಮೊದಲೇ ಅವನ್ನು ಆಸ್ಪತ್ರೆಗಳಿಗೆ ಕೊಟ್ಟು, ಅವರಿಂದ ಅಷ್ಟೇ ಹೊಸವನ್ನು ತಂದು ತುಂಬಬೇಕು. ಹೀಗೆ ತಿರುಗಿಸುತ್ತಾ ಇರಲು ಅವನ ಕೈಕೆಳಗೆ ಇಬ್ಬರಿದ್ದರು. ಹಂದಿಜ್ವರದ ಭಯ ಕಳೆದ ಮೇಲೆ ಹಣ ಕಡಿಮೆಯಾಯಿತು, ಆ ಇಬ್ಬರೂ ಹೋದರು. ಪೆಟ್ಟಿಗೆಗಳು ಇದ್ದಲ್ಲೇ ಇದ್ದವು. ಕೋವಿಡ್ ಬಂದ ವಸಂತದಲ್ಲಿ ನಾವು ಅವನ್ನು ತೆರೆದೆವು. ವಾಲ್ಟರ್ ಒಂದು ಮಾಸ್ಕಿನ ರಬ್ಬರು ಎಳೆದ, ಟಪ್ ಎಂದಿತು. ಇನ್ನೊಂದು, ಟಪ್. ಮತ್ತೊಂದು. ಸಾಲು ಸಾಲು ಪೆಟ್ಟಿಗೆಗಳ ನಡುವೆ ನಿಂತು ಅವನು ಮುಖ ತಿರುಗಿಸಿಕೊಂಡ. ಆ ವಾರ ನಮ್ಮ ನರ್ಸುಗಳು ಸ್ಟೇಪ್ಲರು ಹಿಡಿದು ಹೊಸ ರಬ್ಬರು ಹೊಡೆಯುತ್ತಾ ಕೂತಿದ್ದರು.

ಅದರ ನಂತರ ಬೆವರ್ಲಿ ಮತ್ತು ವಾಲ್ಟರನ ಜಗಳಕ್ಕೆ ಕೊನೆಯೇ ಇರಲಿಲ್ಲ.

“ಹಣ ಸಿಕ್ಕಾಗ ನೀವು ಪೆಟ್ಟಿಗೆ ಕೊಳ್ಳುತ್ತೀರಿ, ಪೆಟ್ಟಿಗೆ ತಿರುಗಿಸುವ ಮನುಷ್ಯನನ್ನು ಇಟ್ಟುಕೊಳ್ಳುವುದಿಲ್ಲ. ಕೊಳೆಯಲಿಕ್ಕೆ ಯಾಕೆ ಕೊಡಬೇಕು ಅಂತ ನಮ್ಮವರು ಕೇಳುವುದು ಅದಕ್ಕೇ,” ಎನ್ನುವನು ವಾಲ್ಟರ್.

“ನಿಮ್ಮವರು ಕೊಡದೇ ಇದ್ದದ್ದಕ್ಕೇ ಆ ಮನುಷ್ಯ ಹೋದದ್ದು!” ಎನ್ನುವರು ಬೆವರ್ಲಿ.

ಇಬ್ಬರ ಮಾತೂ ನಿಜ. ಅದನ್ನು ನಾನು ಅವತ್ತು ಹೇಳಲಿಲ್ಲ. ನಾನು ಬೆವರ್ಲಿಯ ಪಕ್ಷದವಳು. ಈ ಮನೆಯಲ್ಲಿ ಕೂತವಳು ಆ ಮನೆಯ ಅಡುಗೆ ಹೊಗಳುವುದು ಹೇಗೆ?

ಇನ್ನೊಂದು ಸಂಗತಿಯನ್ನೂ ಇಲ್ಲೇ ಒಪ್ಪಿಕೊಳ್ಳಬೇಕು. ಕೆಲವು ವರ್ಷ ಹಿಂದೆ, ವಾಲ್ಟರನ ಪಕ್ಷದ ಕೈ ಮೇಲಿದ್ದಾಗ, ನಮ್ಮ ಹಣವನ್ನು ಕತ್ತರಿಸುವ ಮಸೂದೆಯೊಂದು ಬಂದಿತ್ತು. ಅದು ಸೆನೆಟಿನಲ್ಲಿ ನಿಂತುಹೋಯಿತು. ಬೆವರ್ಲಿ ದೊಡ್ಡ ಕೇಕು ತರಿಸಿದರು. ಮೊಟ್ಟೆ ಹಾಕಿದ ಕೇಕು; ಅಷ್ಟರಲ್ಲಿ ನಾನು ಅದನ್ನೆಲ್ಲ ದಾಟಿದ್ದೆ, ಎರಡು ತುಂಡು ತಿಂದೆ. ಹೇಗೆ ನಿಂತಿತು ಎಂದು ಕೇಳಲಿಲ್ಲ. ನಮ್ಮ ಕಡೆ ಗೆದ್ದಾಗ ಹೇಗೆಂದು ಯಾರೂ ಕೇಳುವುದಿಲ್ಲ.

ನಾಗರತ್ನ ನಮ್ಮ ಲ್ಯಾಬಿಗೆ ಬಂದದ್ದು ಕೋವಿಡ್ಡಿನ ಗಲಾಟೆ ಇಳಿದ ಮೇಲೆ. ಹಾಸನದ ಕಡೆಯವಳು, ಇಲ್ಲೇ ಪಿಎಚ್‌ಡಿ ಮಾಡಿ ರಾಜ್ಯದ ಪರೀಕ್ಷೆ ಪಾಸು ಮಾಡಿದವಳು. ಕೈ ಎಷ್ಟು ಶುದ್ಧವೆಂದರೆ ಅವಳ ಮೇಜಿನ ಮೇಲೆ ಎಲೆಯಿಟ್ಟು ಊಟ ಬಡಿಸಬಹುದಿತ್ತು. ಅವಳು ಕೆಲಸದ ವೀಸಾದ ಮೇಲಿದ್ದಳು. ಗಂಡ ಉಮೇಶ ಅವಳ ಬೆನ್ನಿಗೆ ಬಂದವನು. ಆ ವೀಸಾದಲ್ಲಿ ಅವನು ದುಡಿಯುವಂತಿಲ್ಲ. ಊರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು ಇಲ್ಲಿ ಅಡುಗೆ ಮಾಡುತ್ತಾ, ನಾಲ್ಕು ವರ್ಷದ ಮಗಳು ಅನಘಾಳನ್ನು ಡೇಕೇರಿಗೆ ಬಿಟ್ಟು ತರುತ್ತಾ ಇದ್ದ. “ನಮ್ಮನೇಲಿ ಉಲ್ಟಾ ಕಣಕ್ಕ. ನಾನು ಆಫೀಸಿಂದ ಬಂದು ಕಾಫಿ ಎಲ್ಲಿ ಅಂತೀನಿ, ಅವ್ರು ಸೊಂಟ ನೋವು ಅಂತಾರೆ,” ಎಂದು ನಗುತ್ತಿದ್ದಳು. ಕೌಂಟಿಯವರು ಅವಳ ಗ್ರೀನ್ ಕಾರ್ಡಿನ ಕಡತ ಶುರು ಮಾಡಿದ್ದರು. ಅಷ್ಟರ ಮೇಲೆ ಆ ಮನೆ ನಿಂತಿತ್ತು.

ಅವಳ ಚೀಲದಲ್ಲಿದ್ದ ಪತ್ರ ಎಮರಿವಿಲ್ಲಿನ ಒಂದು ಖಾಸಗಿ ಲ್ಯಾಬಿನದು. ಕೆಲಸ ಕೊಡುತ್ತೇವೆ, ಶುಕ್ರವಾರದೊಳಗೆ ಉತ್ತರ ಹೇಳಿ ಎಂದಿತ್ತು.

ಊಟ ಮುಗಿಸಿ ಪಾರ್ಕಿಂಗ್ ಲಾಟಿನಲ್ಲಿ ಒಂದು ಸುತ್ತು ಹೊಡೆಯುವುದು ನಮ್ಮ ಅಭ್ಯಾಸ. ಅವತ್ತೂ ಹೊರಟೆವು.

“ಏನ್ ಮಾಡ್ಲಿ ಅಕ್ಕ? ಅಲ್ಲಿಗ್ ಹೋದ್ರೆ ಗ್ರೀನ್ ಕಾರ್ಡು ಮತ್ತೆ ಮೊದ್ಲಿಂದ. ಇಲ್ಲೇ ಇದ್ರೆ, ದುಡ್ಡು ಬರ್ದೇ ಹೋದ್ರೆ, ನಾನೇ ಜೂನಿಯರ್ರು. ಫಸ್ಟು ನನ್ನೇ ತೆಗೀತಾರೆ.”

“ಕೇಳಿದಿಯಲ್ಲ ಈಗ? ಅರ್ಧಕ್ಕಿಂತ ಜಾಸ್ತಿ ಜನ ಹೌದು ಅಂದಾಗಿದೆ. ಇನ್ನೆಂತದು ಬೇಕು?”

“ವಾಲ್ಟರ್ ಏನೋ ಅರವತ್ತು ಅಂದ್ರಲ್ಲ.”

“ಅವನು ಟ್ರಕ್ಕಿನಲ್ಲಿ ಕೇಳುವ ರೇಡಿಯೋ ಯಾವುದು ಅಂತ ನನಗೆ ಗೊತ್ತುಂಟು. ಎಲ್ಲಿಯಾದರೂ ಐವತ್ತೈದು ಜನ ಬೇಕು ಅಂದದ್ದನ್ನು ನಲವತ್ತೈದು ಜನ ಬೇಡ ಅಂದರೆ ನಿಲ್ಲುತ್ತದಾ? ನಮ್ಮ ಹೌಸಿಂಗ್ ಸೊಸೈಟಿಯಲ್ಲೂ ಹಾಗಿಲ್ಲ.”

ಲಾಟಿನ ಕೊನೆ ಮುಟ್ಟಿ ವಾಪಸು ತಿರುಗಿದೆವು. ಆಮೇಲೆ, “ನೀವು ಇಷ್ಟು ವರ್ಷದಿಂದ ನೋಡಿದೀರ. ನೀವ್ ಹೇಳಿದ್ರೆ ಸರಿ ಅಕ್ಕ,” ಎಂದಳು.

ಈ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ. ನಾನು ನೋಡಿದ್ದು ಮೊಟ್ಟೆ, ಮಾಸ್ಕು, ಮಿಠಾಯಿ. ಸೆನೆಟನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಅರ್ಧಕ್ಕೆ ಒಂದು ಸೇರಿದರೆ ಗೆದ್ದಂತೆ ಎಂಬುದು ನನಗೆ ಉಸಿರಾಟದಷ್ಟು ಸಹಜ. ಅದನ್ನು ಪುಸ್ತಕ ತೆಗೆದು ನೋಡಬೇಕೆಂದೇ ಅನಿಸಲಿಲ್ಲ. ಇನ್ನೂ ಒಂದು ಸತ್ಯವಿದೆ. ಅವಳು ಎಮರಿವಿಲ್ಲಿಗೆ ಹೋದರೆ ಊಟದ ಹೊತ್ತಿನಲ್ಲಿ ನನಗೆ ಕನ್ನಡದಲ್ಲಿ ಮಾತಾಡಲು ಯಾರೂ ಇರುತ್ತಿರಲಿಲ್ಲ. ಆ ಆಸೆಯೂ ನನ್ನ ಸಲಹೆಯಲ್ಲಿ ಬೆರೆತಿತ್ತು. ಎಷ್ಟು ಬೆರೆತಿತ್ತು ಎಂದು ಅಳೆಯುವ ಯಂತ್ರ ನಮ್ಮ ಲ್ಯಾಬಿನಲ್ಲಿಲ್ಲ.

ಗುರುವಾರ ವಾಲ್ಟರ್ ನನ್ನ ಮೇಜಿನ ಹತ್ತಿರ ಬಂದ. ಟೋಪಿ ಕೈಯಲ್ಲಿತ್ತು.

“ವಾರಿಜಾ, ಆ ಹುಡುಗಿಗೆ ಬೇರೆ ಕಡೆ ಕೆಲಸ ಸಿಕ್ಕಿದೆಯಂತೆ. ಹೋಗು ಅನ್ನು.”

“ನಿನಗೆ ಹೇಳಿದ್ದು ಯಾರು?”

“ಉಗ್ರಾಣದವನಿಗೆ ಎಲ್ಲಾ ಗೊತ್ತಾಗುತ್ತದೆ. ನೋಡು, ನಾನು ಪಾರ್ಟಿ ಮಾತಾಡುತ್ತಿಲ್ಲ. ಅರವತ್ತು ಇಲ್ಲ. ಸೆನೆಟಿನವರು ಎಣಿಸಿದ್ದಾರೆ, ನಾನೂ ಎಣಿಸಿದ್ದೇನೆ.”

“ಅರವತ್ತು ಆಗಬಾರದು ಅಂತ ನಿನ್ನ ಆಸೆ. ಅದಕ್ಕೇ ಆಗುವುದಿಲ್ಲ ಅನ್ನುತ್ತೀ.”

ಅವನು ಟೋಪಿ ಹಾಕಿಕೊಂಡ. “ಮಳೆ ಬರುತ್ತೆ ಅಂದವನಿಗೆ ಮಳೆ ಮೇಲೆ ಪ್ರೀತಿ ಅಂತ ತಿಳಿಯಬೇಡ,” ಎಂದು ಹೊರಟುಹೋದ.

ಆ ಮಾತನ್ನು ಬೆವರ್ಲಿ ಹೇಳಿದ್ದರೆ ನಾನು ಓಡಿಹೋಗಿ ನಾಗರತ್ನಳಿಗೆ ಹೇಳುತ್ತಿದ್ದೆ. ಹೇಳಿದವನು ವಾಲ್ಟರ್, ಹಾಗಾಗಿ ನಾನು ನನ್ನ ಮೇಲ್ ನೋಡುತ್ತಾ ಕೂತೆ. ಈ ಕೆಲಸಕ್ಕೆ ಸೇರುವವರು ನನ್ನ ಎಲ್ಲಾ ಕಥೆ ಮರೆತರೂ ಇದನ್ನು ಮರೆಯಬೇಡಿ. ಇಪ್ಪತ್ತು ವರ್ಷ ಜೊತೆಗೆ ಕೆಲಸ ಮಾಡಿದವನ ತೂಕವನ್ನು ನಾನು ಅವನು ಮತ ಹಾಕುವ ಡಬ್ಬಿ ನೋಡಿ ಅಳೆದೆ.

ಶುಕ್ರವಾರ ನಾಗರತ್ನ ಎಮರಿವಿಲ್ಲಿಗೆ ಬೇಡವೆಂದು ಬರೆದಳು.

ಮತದ ದಿನ ಮತ್ತೆ ಅದೇ ಕೋಣೆ, ಅದೇ ನಾಲ್ವರು. ಬೆವರ್ಲಿ ಲ್ಯಾಪ್‌ಟಾಪನ್ನು ಗೋಡೆಯ ಪರದೆಗೆ ಜೋಡಿಸಿದ್ದರು. ಯಾರಾದರೂ ಗಂಟೆಗಟ್ಟಲೆ ನಿಂತು ಭಾಷಣ ಮಾಡುತ್ತಾರೆ, ಗಂಟಲು ಒಣಗಿ ಕೂರುತ್ತಾರೆ, ಆಮೇಲೆ ಮತ ಎಂದು ನಾನು ಅಂದುಕೊಂಡಿದ್ದೆ. ಹಿಂದೆ ಹಾಗೇ ಇತ್ತಂತೆ. ಈಗ ಯಾರೂ ನಿಲ್ಲಬೇಕಾಗಿಲ್ಲ. ಅಡ್ಡಿ ಇದೆ ಎಂದು ತಿಳಿಸಿದರೆ ಸಾಕು. ಅದನ್ನು ದಾಟಲು ಅರವತ್ತು ಬೇಕು. ಪರದೆಯ ಮೇಲೆ ಬಹುಪಾಲು ಖಾಲಿ ಕುರ್ಚಿಗಳು. ಒಬ್ಬೊಬ್ಬರಾಗಿ ಬಂದು ಹೆಬ್ಬೆರಳು ಮೇಲೆ ಮಾಡಿಯೋ ಕೆಳಗೆ ಮಾಡಿಯೋ ಹೋಗುತ್ತಿದ್ದರು, ಯಾವುದೋ ಮಾರ್ಕೆಟ್ಟಿನಲ್ಲಿ ಸೊಪ್ಪು ಬೇಕು ಬೇಡ ಅಂದ ಹಾಗೆ.

ಹೌದು ಎಂದವರೇ ಹೆಚ್ಚು. ಅದು ಕಣ್ಣಿಗೆ ಕಾಣುತ್ತಿತ್ತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಪೀಠದಲ್ಲಿದ್ದವರು ಲೆಕ್ಕ ಓದಿ, ಒಪ್ಪಿಗೆಯಾಗಿಲ್ಲ ಎಂದರು.

“ಅಕ್ಕ, ಯೆಸ್ಸೇ ಜಾಸ್ತಿ ಬಂತಲ್ವಾ?” ಎಂದಳು ನಾಗರತ್ನ.

ನಾನು ಎತ್ತಿದ ಕೈ ಇಳಿಸಿ ಮೇಜಿನ ಮೇಲಿಟ್ಟೆ.

“ಯೆಸ್ ಜಾಸ್ತಿ ಬಂತಲ್ವಾ ಅಕ್ಕ?” ಎಂದು ಮತ್ತೆ ಕೇಳಿದಳು, ಈ ಸಲ ಮೆಲ್ಲಗೆ.

ಬೆವರ್ಲಿ ಎದ್ದು ನಿಂತರು. “ಇದು ಪ್ರಜಾಪ್ರಭುತ್ವವಾ? ನಲವತ್ತು ಚಿಲ್ಲರೆ ಜನ ಇಡೀ ದೇಶದ ಕುತ್ತಿಗೆ ಹಿಡಿಯುವುದಾ? ಈ ನಿಯಮವನ್ನು ಸುಟ್ಟು ಹಾಕಬೇಕು!”

ವಾಲ್ಟರ್ ಬೀಗಲಿಲ್ಲ, ನಗಲೂ ಇಲ್ಲ. “ಡಾಕ್ಟರ್, ಅವತ್ತು ನೀವು ಕೇಕು ತಂದಿರಲ್ಲ, ಅದೂ ಇದೇ ಅರವತ್ತರ ಪುಣ್ಯ. ಅವತ್ತು ಸುಟ್ಟು ಹಾಕಬೇಕು ಅಂದವನು ನಾನು. ನೀವು ಏನಂದಿರಿ? ಅವಸರದ ಕೈಗೆ ಇದೊಂದು ಕಡಿವಾಣ ಅಂದಿರಿ.”

“ಅದು ಬೇರೆ.”

“ಹೂಂ. ಯಾವಾಗಲೂ ಬೇರೆಯೇ,” ಎಂದು ವಾಲ್ಟರ್ ಕುರ್ಚಿಯಲ್ಲಿ ಕುಸಿದ. “ಇವತ್ತು ಅದು ಕಡಿವಾಣ ಅಂತ ನಾನು ಹೇಳಬೇಕು ನೋಡಿ. ನನ್ನ ಉಗ್ರಾಣವೂ ಹೋಯಿತು, ನಾನೇ ಅದಕ್ಕೆ ಜೈ ಅನ್ನಬೇಕು.”

ಅವತ್ತೇ ನಾಗರತ್ನ ಎಮರಿವಿಲ್ಲಿಗೆ ಫೋನು ಮಾಡಿದಳು. ಪಟ್ಟಿಯಲ್ಲಿದ್ದ ಎರಡನೆಯವರು ಆಗಲೇ ಸೇರಿಯಾಗಿತ್ತು.

ಇಷ್ಟರಲ್ಲೇ ಮುಗಿದಿದ್ದರೆ ನನ್ನ ತಪ್ಪು ಒಂದೇ ಆಗುತ್ತಿತ್ತು. ಇಲ್ಲಿ ಸರಕಾರಿ ಕೆಲಸದಲ್ಲಿ ಹಿರಿತನದ ಒಂದು ಹಕ್ಕಿದೆ. ನನ್ನ ಹುದ್ದೆ ರದ್ದಾದರೆ, ನಾನು ಹಿಂದೆ ಮಾಡಿದ್ದ ಕೆಲಸಕ್ಕೆ ಮರಳಬಹುದು. ಅಲ್ಲಿ ಎಲ್ಲರಿಗಿಂತ ಕಿರಿಯರು ಯಾರಿದ್ದಾರೋ ಅವರು ನನಗಾಗಿ ಜಾಗ ಬಿಡಬೇಕು. ನಮ್ಮ ವಿಭಾಗ ಮುಚ್ಚಿದ ವಾರ ಕಾಗದಗಳು ಬಂದವು. ವಿಮೆಯದು, ಪಿಂಚಣಿಯದು, ಕೀಲಿಕೈ ವಾಪಸು ಮಾಡುವುದು, ಒಂದೊಂದಕ್ಕೂ ಸಹಿ. ಅದರ ನಡುವೆ ‘ನನ್ನ ಹಕ್ಕನ್ನು ಉಪಯೋಗಿಸುತ್ತೇನೆ’ ಎಂಬ ಒಂದು ಹಾಳೆ. ಯೂನಿಯನ್ನಿನವನು, “ಹಾಕು ಹಾಕು, ಹಕ್ಕು ಬಿಡಬಾರದು,” ಎಂದ. ಹಾಕಿದೆ. ಹಗ್ಗದ ಆ ತುದಿಯಲ್ಲಿ ಯಾರಿದ್ದಾರೆ ಎಂದು ಕೇಳಲಿಲ್ಲ. ನೋಡಿ, ಮತ್ತೆ ಕೇಳಲಿಲ್ಲ.

ಪಟ್ಟಿ ಬಂದಾಗ ನನ್ನ ಹೆಸರಿನ ಮುಂದೆ ಲ್ಯಾಬಿನ ಹುದ್ದೆಯಿತ್ತು. ನಾಗರತ್ನಳ ಹೆಸರಿನ ಮುಂದೆ ಕೊನೆಯ ದಿನಾಂಕವಿತ್ತು.

ಅವಳ ಮೇಜಿನ ಹತ್ತಿರ ಹೋದೆ. ಅವಳು ತನ್ನ ಪಿಪೆಟ್ಟುಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದಳು.

“ನನಗೆ ಗೊತ್ತಿರಲಿಲ್ಲ ನಾಗರತ್ನ. ದೇವರಾಣೆ.”

“ಗೊತ್ತು ಅಕ್ಕ, ನಿಮಗ್ ಗೊತ್ತಿರ್ಲಿಲ್ಲ ಅಂತ.” ಅವಳು ತಲೆ ಎತ್ತಲಿಲ್ಲ. “ಈ ನಂಬರ್ ಟೂ ಪಿಪೆಟ್ಟು ಸ್ವಲ್ಪ ಕಮ್ಮಿ ಎಳ್ಯತ್ತೆ. ನೋಡ್ಕೊಳ್ಳಿ.”

ಮಾರನೆಯ ದಿನವೇ ನಾನು ನಿವೃತ್ತಿಯ ಅರ್ಜಿ ಕೊಟ್ಟೆ. ಹೇಗೂ ವಯಸ್ಸಾಗಿತ್ತು. ನಾನು ಎದ್ದರೆ ಕುರ್ಚಿ ಅವಳಿಗೆ ಬರುತ್ತದೆ, ಅಷ್ಟೇ ನನ್ನ ಲೆಕ್ಕ. ಸಿಬ್ಬಂದಿ ಕಚೇರಿಯ ಹೆಂಗಸು ಅರ್ಜಿ ತೆಗೆದುಕೊಂಡು ಶುಭಾಶಯ ಹೇಳಿದಳು.

“ಇನ್ನು ನಾಗರತ್ನ ಅಲ್ಲೇ ಇರಬಹುದಲ್ಲ?” ಎಂದು ಕೇಳಿದೆ.

“ಇಲ್ಲ ವಾರಿಜಾ. ಖಾಲಿಯಾದ ಯಾವ ಹುದ್ದೆಯನ್ನೂ ತುಂಬಬಾರದು ಅಂತ ಆದೇಶ ಬಂದಿದೆ. ನೀವು ಬಿಟ್ಟ ದಿನ ಆ ಹುದ್ದೆಯೇ ಇರುವುದಿಲ್ಲ.”

“ಹಾಗಾದರೆ ಅರ್ಜಿ ವಾಪಸು ಕೊಡಿ.”

“ವಾಪಸು ತೆಗೆದುಕೊಂಡರೆ ನೀವು ಇರುತ್ತೀರಿ. ಅವರು ಇರುವುದಿಲ್ಲ. ಆ ಹಾಳೆಗೆ ನೀವು ಸಹಿ ಹಾಕಿದ ಮೇಲೆ ಅವರ ಹೆಸರು ಪಟ್ಟಿಯಿಂದ ಹೋಗಿಯಾಯಿತು.”

ಬೆವರ್ಲಿ ಮೂರು ಕಡೆ ಪತ್ರ ಬರೆದರು. ವಾಲ್ಟರ್ ತನ್ನ ಪಕ್ಷದ ಪ್ರತಿನಿಧಿಯ ಕಚೇರಿಗೆ ಹೋಗಿ, ಎರಡು ಗಂಟೆ ಕಾದು, ಒಬ್ಬ ಹುಡುಗನ ಕೈಗೆ ಅರ್ಜಿ ಕೊಟ್ಟು ಬಂದ. ಸುತ್ತಲಿನ ಕೌಂಟಿಗಳಲ್ಲಿ ಕೇಳಿದೆವು. ಅವರಿಗೂ ಅದೇ ಹಣ ನಿಂತಿತ್ತು, ಅವರೂ ಜನರನ್ನು ತೆಗೆಯುತ್ತಿದ್ದರು. ಅರ್ಜಿಯನ್ನು ನಾನು ವಾಪಸು ತೆಗೆದುಕೊಳ್ಳಲಿಲ್ಲ. ಆ ಕುರ್ಚಿಯಲ್ಲಿ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಹಾಗೆ ಮಾಡಿ ಲ್ಯಾಬಿನಿಂದ ಒಂದಲ್ಲ, ಎರಡು ಕೈ ತೆಗೆದಂತಾಯಿತು ಎಂದು ಆಮೇಲೆ ಹೊಳೆಯಿತು.

ಅವಳ ವೀಸಾದಲ್ಲಿ ಕೆಲಸ ಹೋದ ದಿನದಿಂದ ಅರವತ್ತು ದಿನ. ಅಷ್ಟರಲ್ಲಿ ಇನ್ನೊಂದು ಕೆಲಸ ಸಿಗಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. “ಅಲ್ಲೂ ಅರವತ್ತು, ಇಲ್ಲೂ ಅರವತ್ತು. ಈ ದೇಶಕ್ಕೆ ಬೇರೆ ಲೆಕ್ಕವೇ ಬರಲ್ವಾ ಅಕ್ಕ?” ಎಂದು ಅವಳು ಅಂದಾಗ ಉಮೇಶ ಜೋರಾಗಿ ನಕ್ಕ. ನಗು ಅಲ್ಲೇ ನಿಂತಿತು.

ನಾನು ಅವರ ಅಪಾರ್ಟ್‌ಮೆಂಟಿಗೆ ಕೊನೆಯ ಸಲ ಹೋದಾಗ ಸೋಫಾ ಇರಲಿಲ್ಲ, ಯಾರೋ ಬಂದು ಒಯ್ದಿದ್ದರು. ನೆಲದ ಮೇಲೆ ಕೂತೆವು. ಉಮೇಶ ಕಾಗದದ ಲೋಟದಲ್ಲಿ ಕಾಫಿ ಕೊಟ್ಟ. ಅನಘಾ ತನ್ನ ಗೊಂಬೆಗಳನ್ನು ಒಂದು ಪೆಟ್ಟಿಗೆಗೆ ತುಂಬುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದಳು.

“ಯಾವ ಗೊಂಬೆ ತಗೊಂಡು ಹೋಗ್ತಿ ಪುಟ್ಟಾ?” ಎಂದು ಕೇಳಿದೆ.

“ಆಲ್ ಆಫ್ ದೆಮ್. ವೀ ಆರ್ ಕಮಿಂಗ್ ಬ್ಯಾಕ್ ಆಫ್ಟರ್ ಸಮ್ಮರ್,” ಎಂದಳು. ಉಮೇಶ ಕಿಟಕಿ ಕಡೆ ನೋಡಿದ.

ನಾನು ನಾಗರತ್ನಳ ಕೈ ಹಿಡಿದು ಏನೋ ಹೇಳಲು ಹೋದೆ. ಅವಳು ತಡೆದಳು. “ನಿಮ್ ಮೇಲೆ ಕೋಪ ಇಲ್ಲ ಅಕ್ಕ. ಕೋಪ ಮಾಡ್ಕೊಳಕ್ಕೆ ಟೈಮೇ ಸಿಕ್ಕಿಲ್ಲ. ಊರಿಗ್ ಹೋದ್ಮೇಲೆ ಬರಬೌದು, ಬಂದ್ರೆ ಫೋನ್ ಮಾಡಿ ಬೈತೀನಿ.”

ಅವಳು ಇನ್ನೂ ಬೈದಿಲ್ಲ.

ಕೆಲಸ ಹೇಗಿರುತ್ತದೆ ಎಂದು ಕೇಳಿದ ಹುಡುಗಿಗೆ ಧೈರ್ಯದ ಎರಡು ಮಾತು ಬರೆಯಬೇಕೆಂದು ಕೂತವಳು ನಾನು. ಹುಡುಕಿದರೆ ಸಿಗುತ್ತಿಲ್ಲ. ರೋಗಾಣು ಎರಡೂ ಪಕ್ಷದವರ ಮನೆಗೆ ಹೋಗುತ್ತದೆ ಎಂದು ಭಾಷಣದಲ್ಲಿ ಹೇಳುತ್ತಾರೆ. ಅದು ನಿಜವೂ ಹೌದು, ಅದರಿಂದ ಏನೂ ಆಗುವುದೂ ಇಲ್ಲ. ಇವರು ಮೇಲಿದ್ದಾಗ ಅವರು ತಡೆಯುತ್ತಾರೆ, ಅವರು ಮೇಲಿದ್ದಾಗ ಇವರು. ತಡೆದವರು ಕೇಕು ತಿನ್ನುತ್ತಾರೆ. ನಾನೂ ತಿಂದಿದ್ದೇನೆ. ನೀವು ಕೈ ತೊಳೆದು, ಕೋಟು ಹಾಕಿ, ನಿಮ್ಮ ಪಾಲಿನ ಟ್ಯೂಬುಗಳನ್ನು ಸರಿಯಾಗಿ ನೋಡಿ. ಅದರಾಚೆ ನಿಮ್ಮ ಕೈಯಲ್ಲಿ ಏನಿದೆ ಎಂದು ಇಷ್ಟು ವರ್ಷದ ಮೇಲೂ ನನಗೆ ಗೊತ್ತಿಲ್ಲ.

ಅವರು ಹೋಗಿ ಮೂರು ತಿಂಗಳಾದ ಮೇಲೆ, ವಿಭಾಗ ಮುಚ್ಚಿದ ಮೇಲೆ ಲ್ಯಾಬು ನೋಡಿಕೊಳ್ಳುತ್ತಿದ್ದ ಬೆವರ್ಲಿಯ ಫೋನು ಬಂತು. ಒಂದು ಡೇಕೇರಿನಲ್ಲಿ ದಡಾರ ಕಾಣಿಸಿಕೊಂಡಿತ್ತು. ಲ್ಯಾಬಿನಲ್ಲಿ ಉಳಿದವರು ಇಬ್ಬರು, ಅವರಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿ. ನಿವೃತ್ತರನ್ನು ಕೆಲವು ದಿನಗಳ ಮಟ್ಟಿಗೆ ಕರೆಸಲು ಒಪ್ಪಿಗೆ ಸಿಕ್ಕಿದೆ, ಬರುತ್ತೀಯಾ ಎಂದು ಕೇಳಿದರು. ಹೋದೆ. ಹದಿನೇಳು ಮಕ್ಕಳ ಮಾದರಿಗಳು ಕಾಯುತ್ತಿದ್ದವು. ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ಪರೀಕ್ಷಿಸಲು, ರೋಗವಿದೆ ಎಂದು ಮೊದಲೇ ಗೊತ್ತಿರುವ ಒಂದು ಮಾದರಿಯನ್ನು ಜೊತೆಗೆ ಇಡಬೇಕು. ಅದು ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅರ್ಧ ಗಂಟೆ ಫ್ರೀಜರು ಹುಡುಕಿದೆ. ಕೊನೆಗೆ ನಾಗರತ್ನಳಿಗೆ ಮೆಸೇಜು ಹಾಕಿದೆ. ಹಾಸನದಿಂದ ತಕ್ಷಣ ಉತ್ತರ ಬಂತು.

“ಎರಡನೇ ಶೆಲ್ಫು, ಎಡಗಡೆ, ನೀಲಿ ಡಬ್ಬ. ಮುಂದಿನ ತಿಂಗಳು ಅದರ ಡೇಟು ಮುಗಿಯತ್ತೆ ಅಕ್ಕ. ಈಗ್ಲೇ ಹೊಸದು ತರಿಸಕ್ಕೆ ಹೇಳಿ.”

ಡಬ್ಬ ಅಲ್ಲೇ ಇತ್ತು. ಮಾದರಿಗಳನ್ನು ಯಂತ್ರಕ್ಕೆ ಹಾಕಿ, ಹೊಸದು ತರಿಸುವವರು ಈಗ ಯಾರು ಎಂದು ಬೆವರ್ಲಿಯನ್ನು ಕೇಳಿದೆ. ಅದು ನಾಗರತ್ನಳ ಕೆಲಸವಾಗಿತ್ತು ಎಂದರು.